ಕೊನೆ ಗಳಿಗೆಯಲ್ಲಿ ಕುದುರೆ ವಿತ್‌ಡ್ರಾ ಆದ್ರೆ ನಿಮ್ಮ ದುಡ್ಡು ಏನಾಗುತ್ತೆ? ಬ್ರಿಟನ್ ರೇಸ್‌ಗೆ ಹೋಗೋರಿಗೆ ಹಂತ ಹಂತವಾಗಿ

ಮಾರ್ಚ್‌ನಲ್ಲಿ ಚೆಲ್ಟನಮ್, ಏಪ್ರಿಲ್‌ನಲ್ಲಿ ಗ್ರ್ಯಾಂಡ್ ನ್ಯಾಷನಲ್, ಜೂನ್‌ನಲ್ಲಿ ರಾಯಲ್ ಆಸ್ಕಟ್, ಇವು ಬಂದಾಗೆಲ್ಲ ಇಂಗ್ಲೆಂಡಲ್ಲಿರೋ ನಮ್ಮವರು ಆಫೀಸ್ ಗುಂಪಿನ ಜೊತೆ ರೇಸ್‌ಗೆ ಹೋಗ್ತಾರೆ, ಸಂಜೆ ಆಗೋಷ್ಟರಲ್ಲಿ ಅದದೇ ಪ್ರಶ್ನೆ ಕಳಿಸ್ತಾರೆ. "ನನ್ನ ಕುದುರೆ ಗೆದ್ದಿದೆ, ಆದ್ರೂ ದುಡ್ಡು ಕಮ್ಮಿ ಬಂದಿದೆ, ಯಾಕೆ?" "ಬೆಳಗ್ಗೆ ಎಂಟು ಕುದುರೆ ಇತ್ತು, ಮಧ್ಯಾಹ್ನ ಏಳಾಯ್ತು, ಮೂರನೇ ಸ್ಥಾನಕ್ಕೆ ದುಡ್ಡೇ ಇಲ್ಲ ಅಂತಾರೆ." "ಫೇವರಿಟ್‌ನ ಕೊನೆ ಗಳಿಗೆಯಲ್ಲಿ ತೆಗೆದ್ರಲ್ಲ, ಇದ್ರಲ್ಲಿ ಏನೋ ಮಸಲತ್ತು ಇರ್ಬೇಕು ಅಲ್ವಾ?" ಎಲ್ಲಾದಕ್ಕೂ ಒಂದೊಂದೇ ಉತ್ತರ ಬರೆಯೋ ಬದಲು ಪೂರ್ತಿ ಇಲ್ಲೇ ಬರೀತಿದೀನಿ.

ಮೊದಲೇ ಒಂದು ಮಾತು. ಕುದುರೆ ಹಿಂದಕ್ಕೆ ತಗೊಂಡ್ರೆ ಮೋಸ ಅಂತ ತಕ್ಷಣ ಅಂದ್ಕೋಬೇಡಿ. ಹತ್ತರಲ್ಲಿ ಒಂಬತ್ತು ಸಲ ಕುದುರೆ ಕಾಲಿಗೋ, ಉಸಿರಿಗೋ, ನೆಲದ ಸ್ಥಿತಿಗೋ ಸಂಬಂಧಪಟ್ಟ ಕಾರಣ ಇರುತ್ತೆ, ಅಂಥಾ ಟ್ರೇನರ್‌ಗೆ ನಾವು ಬೈಯೋ ಬದಲು ಕೈ ಮುಗಿಬೇಕು. ಆದ್ರೆ ಓಡಲ್ಲ ಅನ್ನೋ ಸುದ್ದಿ ಕೆಲವರಿಗೆ ಮಾತ್ರ ಮೊದಲೇ ಗೊತ್ತಿದ್ದು ಅವರು ಅದರಿಂದ ದುಡ್ಡು ಮಾಡಿಕೊಂಡ್ರೆ ಅದು ಕಳ್ಳತನವೇ. ರೂಲ್‌ಗಳೆಲ್ಲ ಇರೋದು ಈ ಎರಡನ್ನೂ ಬೇರೆ ಬೇರೆ ಇಡೋಕೆ.

ಇನ್ನೊಂದು, ಇದು ಬ್ರಿಟನ್‌ನಲ್ಲಿ ಲೈಸೆನ್ಸ್ ಇರೋ ಬುಕ್ಕಿಗಳ ಹತ್ರ, 18 ದಾಟಿದವರು, ಹೋದ್ರೆ ಹೋಗ್ಲಿ ಅನ್ನೋ ದುಡ್ಡಲ್ಲಿ ಆಡೋರಿಗೆ. ಬೆಂಗಳೂರಲ್ಲಿ ಕೂತು ಇಲ್ಲಿನ ಆ್ಯಪ್‌ಗಳಲ್ಲಿ ಆಡೋ ದಾರಿ ಹುಡುಕಬೇಡಿ, ಅಲ್ಲಿನ ಕಾನೂನೇ ಬೇರೆ.

ಕೈಯಲ್ಲಿ ಏನೇನು ಇರ್ಬೇಕು

ರೇಸ್ ಕಾರ್ಡ್ (ಆ ದಿನ ಓಡೋ ಕುದುರೆಗಳ ಪಟ್ಟಿ), ನೀವು ಬೆಟ್ ಕಟ್ಟಿದ ಚೀಟಿ ಅಥವಾ ಆ್ಯಪ್‌ನ ಸ್ಕ್ರೀನ್‌ಶಾಟ್ (ಟೈಮು ಮತ್ತು ರೇಟು ಎರಡೂ ಕಾಣೋ ಹಾಗೆ), ಆ ದಿನದ ನಾನ್ ರನ್ನರ್ ಪಟ್ಟಿ. ನಾನ್ ರನ್ನರ್ ಅಂದ್ರೆ ಕಾರ್ಡಲ್ಲಿ ಹೆಸರು ಇದ್ದೂ ಓಡದೇ ಇರೋ ಕುದುರೆ. ಈ ಪಟ್ಟಿ ರೇಸಿಂಗ್ ಪೋಸ್ಟ್ ಅನ್ನೋ ಪತ್ರಿಕೆಯಲ್ಲೂ, ಬ್ರಿಟಿಷ್ ಹಾರ್ಸ್‌ರೇಸಿಂಗ್ ಅಥಾರಿಟಿ ಅಂದ್ರೆ ಬಿಎಚ್ಎ ಸೈಟಲ್ಲೂ ಸಿಗುತ್ತೆ, ಎಷ್ಟೋ ಸಲ ಯಾಕೆ ತೆಗೆದ್ರು ಅನ್ನೋದೂ ಪಕ್ಕದಲ್ಲೇ ಇರುತ್ತೆ. ಆ ಕಾರಣ ಓದದೇ ಜಗಳಕ್ಕೆ ಹೋಗಬೇಡಿ.

ಹಂತ 1: ಕುದುರೆ ಹೆಸರು ಕಾರ್ಡಿಗೆ ಹೇಗೆ ಬಂತು, ಹೇಗೆ ಹೋಗುತ್ತೆ ಅಂತ ತಿಳ್ಕೊಳ್ಳಿ

ಮೊದಲು ಎಂಟ್ರಿ. ಇದು ಬರೀ ಆಸೆ ಅಷ್ಟೇ, ದೊಡ್ಡ ರೇಸ್‌ಗಳಿಗೆ ತಿಂಗಳುಗಟ್ಟಲೆ ಮೊದಲೇ ಎಂಟ್ರಿ ಹಾಕಿರ್ತಾರೆ, ಅದ್ರಲ್ಲಿ ಬಹುಪಾಲು ಓಡೋದೇ ಇಲ್ಲ. ಆಮೇಲೆ ಡಿಕ್ಲರೇಷನ್, ಅಂದ್ರೆ "ಹೌದು, ಓಡಿಸ್ತೀವಿ" ಅಂತ ಟ್ರೇನರ್ ಖಚಿತ ಮಾಡೋದು. ಫ್ಲ್ಯಾಟ್ ರೇಸ್‌ಗೆ, ಅಂದ್ರೆ ಬೇಲಿ ಹಾರೋದು ಇಲ್ಲದೇ ಬರೀ ಓಡೋ ರೇಸ್‌ಗೆ, ಸಾಮಾನ್ಯವಾಗಿ 48 ಗಂಟೆ ಮೊದಲು. ಜಂಪ್ಸ್ ಅಂದ್ರೆ ಬೇಲಿ ಹಾರೋ ರೇಸ್‌ಗಳಲ್ಲಿ ಬಹುಪಾಲಿಗೆ ಹಿಂದಿನ ದಿನ, ಕೆಲವು ದೊಡ್ಡ ರೇಸ್‌ಗಳಿಗೆ ಎರಡು ದಿನ ಮೊದಲು. ಎರಡಕ್ಕೂ ಬೆಳಗ್ಗೆ 10 ಗಂಟೆ ಗಡುವು. ಇದು ದಾಟಿದ ಮೇಲೆ ತೆಗೆದ್ರೆ ಅದನ್ನೇ ನಾವು ಲೇಟ್ ವಿತ್‌ಡ್ರಾ ಅನ್ನೋದು.

ಹಾಗೆ ತೆಗೆಯೋಕೆ ಟ್ರೇನರ್ ಕಾರಣ ಕೊಡಬೇಕು. ವೆಟ್ ಅಂದ್ರೆ ಪ್ರಾಣಿ ಡಾಕ್ಟರ್ ಸರ್ಟಿಫಿಕೇಟ್ ಕೊಡಬಹುದು. ಸೆಲ್ಫ್ ಸರ್ಟಿಫಿಕೇಟ್ ಅಂತಾನೂ ಇದೆ, ಅಂದ್ರೆ ಡಾಕ್ಟರ್ ಚೀಟಿ ಇಲ್ದೇ ಟ್ರೇನರೇ "ಕುದುರೆ ಓಡೋ ಸ್ಥಿತಿಯಲ್ಲಿಲ್ಲ" ಅಂತ ಬರೆದುಕೊಡೋದು. ಹಾಗೆ ತೆಗೆದ ಕುದುರೆನ ಮಾರನೇ ದಿನವೇ ಇನ್ನೊಂದು ಸುಲಭದ ರೇಸಲ್ಲಿ ಓಡಿಸೋ ಹಾಗಿಲ್ಲ, ಕೆಲ ದಿನ ಸುಮ್ನೆ ಲಾಯದಲ್ಲಿ ಕಟ್ಟಬೇಕು. ಅಷ್ಟು ಸಾಲದು ಅಂತ ಬಿಎಚ್ಎ ಪ್ರತಿ ಟ್ರೇನರ್ ಎಷ್ಟು ಪಾಲು ಕುದುರೆ ತೆಗೀತಾರೆ ಅನ್ನೋ ಲೆಕ್ಕವನ್ನ ಪಬ್ಲಿಷ್ ಮಾಡುತ್ತೆ, ಉಳಿದವರಿಗಿಂತ ತೀರಾ ಜಾಸ್ತಿ ಇದ್ರೆ ಸೆಲ್ಫ್ ಸರ್ಟಿಫಿಕೇಟ್ ಹಕ್ಕೇ ಕಿತ್ಕೊಳ್ಳುತ್ತೆ. ಇದು ಒಳ್ಳೇ ಪದ್ಧತಿ ಅಂತ ನನ್ನ ಅಭಿಪ್ರಾಯ, ಯಾಕಂದ್ರೆ ಒಂದೊಂದು ಸಲದ ಹಿಂದೆ ಬಿದ್ದು ಸುಳ್ಳಾ ನಿಜಾನಾ ಅಂತ ಸಾಬೀತು ಮಾಡೋದು ಕಷ್ಟ, ವರ್ಷದ ಲೆಕ್ಕ ನೋಡಿದ್ರೆ ಯಾರಿಗೆ ಇದು ಅಭ್ಯಾಸ ಆಗಿದೆ ಅಂತ ತಾನೇ ಗೊತ್ತಾಗುತ್ತೆ.

ಇನ್ನು "ಗೋಯಿಂಗ್" ಅನ್ನೋ ಕಾರಣ ನೀವು ತುಂಬಾ ನೋಡ್ತೀರ. ಗೋಯಿಂಗ್ ಅಂದ್ರೆ ಆ ದಿನ ಟ್ರ್ಯಾಕ್‌ನ ನೆಲ ಹೇಗಿದೆ ಅನ್ನೋದು. ಒಣಗಿ ಗಟ್ಟಿಯಾಗಿದ್ರೆ ಫರ್ಮ್, ಮಳೆ ಕುಡಿದು ಮೆತ್ತಗಾಗಿದ್ರೆ ಸಾಫ್ಟ್, ಇವೆರಡರ ನಡುವೆ ಗುಡ್. ಸುಮಾರು 500 ಕೆಜಿ ತೂಗೋ ಪ್ರಾಣಿ, ತೆಳ್ಳನೆ ಕಾಲು, ಗಟ್ಟಿ ನೆಲದ ಮೇಲೆ ಪೂರ್ತಿ ವೇಗದಲ್ಲಿ ಬೇಲಿ ಹಾರಿ ಇಳಿದಾಗ ಆ ಏಟೆಲ್ಲ ಮುಂಗಾಲಿಗೇ. ರಾತ್ರಿ ಮಳೆ ಬರುತ್ತೆ ಅಂತ ನಂಬಿ ಡಿಕ್ಲೇರ್ ಮಾಡಿರ್ತಾರೆ, ಮಳೆ ಕೈ ಕೊಡುತ್ತೆ, ಬೆಳಗ್ಗೆ ಟ್ರೇನರ್ ಟ್ರ್ಯಾಕ್ ಮೇಲೆ ನಡೆದು ಶೂ ಹಿಮ್ಮಡಿಯಿಂದ ಒತ್ತಿ ನೋಡಿ ಬೇಡ ಅಂತಾರೆ. ಇದ್ರಲ್ಲಿ ತಪ್ಪು ಹುಡುಕೋಕೆ ಏನೂ ಇಲ್ಲ.

ಹಂತ 2: ನಿಮ್ಮ ಬೆಟ್ ಯಾವ ಜಾತಿದು ಅಂತ ನೋಡಿ

ಇಲ್ಲೇ ಜಾಸ್ತಿ ಜನ ಎಡವೋದು. ಫೈನಲ್ ಡಿಕ್ಲರೇಷನ್‌ಗೂ ಮೊದಲೇ, ವಾರಗಳ ಹಿಂದೆ ಕಟ್ಟಿದ್ದು ಆ್ಯಂಟಿ ಪೋಸ್ಟ್ ಬೆಟ್. ಇದ್ರಲ್ಲಿ ರೇಟು ಧಾರಾಳವಾಗಿರುತ್ತೆ, ಯಾಕಂದ್ರೆ ಕುದುರೆ ಓಡದೇ ಇರೋ ರಿಸ್ಕೂ ನಿಮ್ಮದೇ. ಓಡಲಿಲ್ಲ ಅಂದ್ರೆ ಕಟ್ಟಿದ ದುಡ್ಡು ಹೋಯ್ತು, ವಾಪಸ್ ಕೇಳೋ ಹಾಗಿಲ್ಲ. ಅದಕ್ಕೆ ಬದಲಾಗಿ ಬೇರೆ ಯಾವ ಕುದುರೆ ಬಿಟ್ಟು ಹೋದ್ರೂ ನಿಮ್ಮ ಗೆಲುವಲ್ಲಿ ಏನೂ ಕಟ್ ಮಾಡಲ್ಲ.

ದೊಡ್ಡ ಫೆಸ್ಟಿವಲ್ ಹತ್ರ ಬಂದಾಗ ಬುಕ್ಕಿಗಳು "ನಾನ್ ರನ್ನರ್ ನೋ ಬೆಟ್" ಅಂತ ಬೋರ್ಡ್ ಹಾಕ್ತಾರೆ, ಅಂದ್ರೆ ಕುದುರೆ ಓಡದಿದ್ರೆ ದುಡ್ಡು ವಾಪಸ್. ಮೊದಲ ಸಲ ಆಡೋರು ಈ ಬೋರ್ಡ್ ಬರೋವರೆಗೂ ಕಾಯಿರಿ, ರೇಟು ಸ್ವಲ್ಪ ಕಮ್ಮಿ ಆದ್ರೂ ಪರವಾಗಿಲ್ಲ. ಎಲ್ಲಾ ರೇಸ್‌ಗೂ ಇದು ಇರಲ್ಲ, ಚೀಟಿಯಲ್ಲಿ ಆ ಮಾತು ಇದ್ಯಾ ಅಂತ ಕಣ್ಣಾರೆ ನೋಡಿಯೇ ದುಡ್ಡು ಕೊಡಿ.

ಡಿಕ್ಲರೇಷನ್ ಆದಮೇಲೆ ಕಟ್ಟಿದ್ದು ಮಾಮೂಲಿ ಬೆಟ್. ಮುಂದೆ ಹೇಳೋದೆಲ್ಲ ಇದಕ್ಕೆ.

ಹಂತ 3: ನಿಮ್ಮ ಕುದುರೆಯೇ ಓಡಲಿಲ್ಲ ಅಂದ್ರೆ

ಸಿಂಗಲ್ ಬೆಟ್ ಆದ್ರೆ ಪೂರ್ತಿ ದುಡ್ಡು ವಾಪಸ್. ಡಬಲ್ ಅಂದ್ರೆ ಎರಡು ರೇಸಿನ ಎರಡು ಕುದುರೆ ಸೇರಿಸಿ ಕಟ್ಟಿದ್ದು, ಮೊದಲನೇದು ಗೆದ್ದ ದುಡ್ಡು ಎರಡನೇದರ ಮೇಲೆ ಹೋಗುತ್ತೆ. ಅದ್ರಲ್ಲಿ ಒಂದು ವಿತ್‌ಡ್ರಾ ಆದ್ರೆ ಬೆಟ್ ಕ್ಯಾನ್ಸಲ್ ಆಗಲ್ಲ, ಉಳಿದ ಕುದುರೆ ಮೇಲೆ ಸಿಂಗಲ್ ಆಗಿ ಮುಂದುವರಿಯುತ್ತೆ. ಮೂರು ಕುದುರೆ ಸೇರಿಸಿದ ಟ್ರೆಬಲ್ ಇದ್ರೆ ಡಬಲ್ ಆಗುತ್ತೆ. ಈ ಒಂದು ರೂಲ್ ನೆನಪಲ್ಲಿ ಇಟ್ಕೊಳ್ಳಿ, ಬ್ರಿಟನ್‌ನ ತುಂಬಾ ಹೆಸರುವಾಸಿ ವಂಚನೆ ನಿಂತಿದ್ದೇ ಇದ್ರ ಮೇಲೆ, ಹಂತ 7ರಲ್ಲಿ ಬರುತ್ತೆ.

ಟೋಟ್‌ನ (ಎಲ್ಲರ ದುಡ್ಡನ್ನ ಒಟ್ಟು ಸೇರಿಸಿ ಗೆದ್ದವರಿಗೆ ಹಂಚೋ ವ್ಯವಸ್ಥೆ) ಪ್ಲೇಸ್‌ಪಾಟ್ ಆಡಿದ್ರೆ, ಅಂದ್ರೆ ಆರು ರೇಸಲ್ಲಿ ಪ್ಲೇಸ್ ಆಗೋ, ಅಂದ್ರೆ ಮೊದಲ ಕೆಲವು ಸ್ಥಾನದೊಳಗೆ ಬರೋ ಕುದುರೆಗಳನ್ನ ಒಟ್ಟಿಗೆ ಆರಿಸೋ ಆಟ, ಅಲ್ಲಿ ನಿಮ್ಮ ಕುದುರೆ ಓಡದಿದ್ರೆ ಆ ರೇಸಿನ ಫೇವರಿಟ್‌ಗೆ ನಿಮ್ಮ ದುಡ್ಡು ತಾನಾಗೇ ಹೋಗುತ್ತೆ. ಫೇವರಿಟ್ ಅಂದ್ರೆ ಎಲ್ಲಕ್ಕಿಂತ ಕಮ್ಮಿ ರೇಟು ಇರೋ, ಗೆಲ್ಲುತ್ತೆ ಅಂತ ಜಾಸ್ತಿ ಜನ ನಂಬಿರೋ ಕುದುರೆ. ನಿಮಗೆ ಆ ಫೇವರಿಟ್ ಮೇಲೆ ನಂಬಿಕೆ ಇಲ್ಲದೇ ಇರಬಹುದು, ಆದ್ರೂ ಅದೇ.

ಆಫೀಸಲ್ಲಿ ಗ್ರ್ಯಾಂಡ್ ನ್ಯಾಷನಲ್‌ಗೆ ಚೀಟಿ ಎತ್ತೋ ಸ್ವೀಪ್‌ಸ್ಟೇಕ್ ಇದ್ರೆ ಈ ಯಾವ ರೂಲೂ ಅಲ್ಲಿಗೆ ಬರಲ್ಲ. ಚೀಟಿ ಎತ್ತೋಕೆ ಮೊದಲೇ "ಓಡದ ಕುದುರೆ ಬಂದ್ರೆ ದುಡ್ಡು ವಾಪಸ್ಸಾ, ಇನ್ನೊಂದು ಚೀಟೀನಾ" ಅಂತ ಮಾತಾಡ್ಕೊಂಡು ಬಿಡಿ. ಸುಲಭದ ದಾರಿ ಅಂದ್ರೆ ಫೈನಲ್ ಡಿಕ್ಲರೇಷನ್ ಆಗಿ 34 ಕುದುರೆ ಪಟ್ಟಿ ಬಂದ ಮೇಲೇ ಎತ್ತೋದು.

ಹಂತ 4: ಬೇರೆ ಕುದುರೆ ಹೋಯ್ತು, ನಿಮ್ಮದು ಗೆದ್ದಿತು – ರೂಲ್ 4 ಲೆಕ್ಕ

ಎಲ್ಲರಿಗೂ ತಲೆ ಕೆಡೋದು ಇದ್ರಿಂದ, ಹಾಗಾಗಿ ನಿಧಾನಕ್ಕೆ ಓದಿ. ಟ್ಯಾಟರ್ಸಾಲ್ಸ್ ಕಮಿಟಿ ಅಂತ ಬೆಟ್ಟಿಂಗ್ ವಿವಾದಗಳನ್ನ ನೋಡೋ ಹಳೇ ಸಮಿತಿ ಇದೆ, ಅದರ ನಾಲ್ಕನೇ ರೂಲಿನಲ್ಲಿ ಇದು ಬರೋದ್ರಿಂದ ಎಲ್ಲರೂ ರೂಲ್ 4 ಅಂತಾರೆ. ಹೇಳೋದು ಇಷ್ಟೇ: ನೀವು ರೇಟು ಹಿಡಿದು ಬೆಟ್ ಕಟ್ಟಿದ ಮೇಲೆ ಒಂದು ಕುದುರೆ ವಿತ್‌ಡ್ರಾ ಆಗಿ ಹೋದ್ರೆ ನಿಮ್ಮ ಕುದುರೆಗೆ ಗೆಲ್ಲೋದು ಸುಲಭ ಆಯ್ತು, ಹಾಗಾಗಿ ಗೆದ್ದ ಲಾಭದಲ್ಲಿ ಒಂದು ಪಾಲು ಮುರ್ಕೊಳ್ತಾರೆ. ಎಷ್ಟು ಅನ್ನೋದು ಹೋದ ಕುದುರೆ ರೇಟಿನ ಮೇಲೆ. 2/1 ಅಂದ್ರೆ ಒಂದು ಪೌಂಡಿಗೆ ಎರಡು ಪೌಂಡ್ ಲಾಭ, ಅಂದ್ರೆ ಬುಕ್ಕಿ ಲೆಕ್ಕದಲ್ಲಿ ಮೂರರಲ್ಲಿ ಒಂದು ಚಾನ್ಸ್ ಇದ್ದ ಕುದುರೆ. ಅಂಥದ್ದು ಹೋದ್ರೆ ಪೌಂಡಿಗೆ 30 ಪೆನ್ಸ್ ಕಟ್.

ಸಾಮಾನ್ಯವಾಗಿ ಬರೋ ರೇಟುಗಳಿಗೆ ಗೆದ್ದ ಪ್ರತಿ ಪೌಂಡಿನಲ್ಲಿ ಕಟ್ ಆಗೋದು ಹೀಗೆ:

ಈವನ್ಸ್‌ನಿಂದ (1/1, ಅಂದ್ರೆ ಕಟ್ಟಿದಷ್ಟೇ ಲಾಭ) 6/5 – 45 ಪೆನ್ಸ್
5/4ರಿಂದ 6/4 – 40
13/8ರಿಂದ 7/4 – 35
15/8ರಿಂದ 9/4 – 30
5/2ರಿಂದ 3/1 – 25
10/3ರಿಂದ 4/1 – 20
9/2ರಿಂದ 11/2 – 15
6/1ರಿಂದ 9/1 – 10
10/1ರಿಂದ 14/1 – 5
14/1 ದಾಟಿದ್ರೆ – ಏನೂ ಇಲ್ಲ

ಈವನ್ಸ್‌ಗಿಂತ ಕಮ್ಮಿ ರೇಟಿನ ಕುದುರೆ ಹೋದ್ರೆ ಕಟ್ ಇನ್ನೂ ಏರ್ತಾ ಹೋಗಿ 90 ಪೆನ್ಸ್‌ವರೆಗೂ ಹೋಗುತ್ತೆ, ಅದಕ್ಕಿಂತ ಮೇಲೆ ಇಲ್ಲ.

ಈಗ ಲೆಕ್ಕ. ನೀವು 10 ಪೌಂಡ್ 5/1ಕ್ಕೆ ಕಟ್ಟಿದ್ರಿ. ಆಮೇಲೆ 2/1 ಇದ್ದ ಕುದುರೆ ವಿತ್‌ಡ್ರಾ ಆಯ್ತು, ನಿಮ್ಮದು ಗೆದ್ದಿತು. ಲಾಭ 50 ಪೌಂಡ್, ಅದ್ರಲ್ಲಿ 30% ಅಂದ್ರೆ 15 ಹೋಯ್ತು, 35 ಉಳೀತು, ಕಟ್ಟಿದ 10 ಸೇರಿ ಕೈಗೆ 45. ಕಟ್ ಆಗೋದು ಲಾಭದಲ್ಲಿ ಮಾತ್ರ, ನೀವು ಕಟ್ಟಿದ 10 ಪೌಂಡ್‌ನ ಯಾರೂ ಮುಟ್ಟೋ ಹಾಗಿಲ್ಲ. ಒಟ್ಟು 60ರಲ್ಲಿ 30% ತೆಗೆದು 42 ಕೊಟ್ರೆ ಅದು ತಪ್ಪು, ಅಲ್ಲೇ ಕೇಳಿ. ಎರಡು ಕುದುರೆ ಹೋದ್ರೆ, 2/1ದು ಒಂದು 8/1ದು ಒಂದು ಅಂತ ಇಟ್ಕೊಳ್ಳಿ, 30 ಮತ್ತು 10 ಸೇರಿ 40.

ಜನ ತಪ್ಪು ತಿಳ್ಕೊಳ್ಳೋ ಜಾಗಗಳು ಹೇಳಿಬಿಡ್ತೀನಿ. ಟೇಬಲ್‌ನಲ್ಲಿ ನೋಡಬೇಕಾಗಿರೋದು ಹೋದ ಕುದುರೆಗೆ ಅದು ಹೋದ ಹೊತ್ತಲ್ಲಿ ಇದ್ದ ರೇಟು, ನಿಮ್ಮ ಕುದುರೆ ರೇಟು ಅಲ್ಲ, ಬೆಳಗ್ಗೆ ಪೇಪರಲ್ಲಿ ನೋಡಿದ್ದೂ ಅಲ್ಲ. ಎರಡನೇದು, ಆ ಕುದುರೆ ಹೋದ ಮೇಲೆ ಬುಕ್ಕಿ ಹೊಸದಾಗಿ ರೇಟು ಹಾಕಿ ಆಟ ಮತ್ತೆ ಶುರು ಮಾಡಿರ್ತಾನೆ, ಅದಾದ ಮೇಲೆ ನೀವು ಕಟ್ಟಿದ್ರೆ ಕಟ್ ಇಲ್ಲ, ಯಾಕಂದ್ರೆ ಹೊಸ ರೇಟಲ್ಲೇ ಅದು ಸೇರಿದೆ. ಇದಕ್ಕೇ ಚೀಟಿ ಮೇಲಿನ ಟೈಮು ಮುಖ್ಯ ಅಂತ ಬಡ್ಕೊಳ್ಳೋದು, ಐದು ನಿಮಿಷದ ಅಂತರದಲ್ಲಿ ಒಬ್ಬರಿಗೆ ಕಟ್ ಆಗಿ ಪಕ್ಕದವರಿಗೆ ಆಗದೇ ಇರಬಹುದು, ಇಬ್ಬರಿಗೂ ಸರಿಯಾಗೇ ಕೊಟ್ಟಿರ್ತಾರೆ. ಮೂರನೇದು, ಎಸ್‌ಪಿ ಅಂದ್ರೆ ಸ್ಟಾರ್ಟಿಂಗ್ ಪ್ರೈಸ್, ರೇಸ್ ಶುರುವಾಗೋ ಕ್ಷಣದಲ್ಲಿ ಇರೋ ರೇಟು. ಅದಕ್ಕೇ ಕಟ್ಟಿದ್ರೆ ಸಾಮಾನ್ಯವಾಗಿ ಕಟ್ ಇಲ್ಲ, ಹೊಸ ರೇಟು ಹಾಕೋಕೂ ಟೈಮಿಲ್ಲದಷ್ಟು ಕೊನೆಯಲ್ಲಿ, ಓಟ ಶುರುವಾಗೋ ಗೇಟ್ ಹತ್ರ ಕುದುರೆ ತೆಗೆದ್ರೆ ಮಾತ್ರ ಉಂಟು.

ಬೆಟ್‌ಫೇರ್ ಥರ ಎಕ್ಸ್‌ಚೇಂಜ್‌ನಲ್ಲಿ, ಅಂದ್ರೆ ಬುಕ್ಕಿ ಇಲ್ದೇ ಜನ ಜನರ ಜೊತೆಯೇ ಬೆಟ್ ಕಟ್ಟೋ ಕಡೆ, ಈ ಟೇಬಲ್ ನಡೆಯಲ್ಲ. ಅಲ್ಲಿ ಪ್ರತಿ ಕುದುರೆಗೂ ರಿಡಕ್ಷನ್ ಫ್ಯಾಕ್ಟರ್ ಅಂತ ಒಂದು ಶೇಕಡಾ ಇರುತ್ತೆ, ಆ ಪ್ರಕಾರ ಕಮ್ಮಿ ಆಗುತ್ತೆ.

ನನ್ನನ್ನ ಕೇಳಿದ್ರೆ ರೂಲ್ 4 ನ್ಯಾಯವಾದದ್ದೇ. ಒಂದೇ ಕೊರಗು ಅಂದ್ರೆ ಟೇಬಲ್ ಮೆಟ್ಟಿಲು ಮೆಟ್ಟಿಲಾಗಿ ಇರೋದ್ರಿಂದ, ಹೋಗೋ ಕುದುರೆ ರೇಟು ಕೊನೆ ನಿಮಿಷದಲ್ಲಿ 10/1ರಿಂದ 9/1ಕ್ಕೆ ಇಳಿದ್ರೆ ಸಾಕು, ಗೆದ್ದವರೆಲ್ಲರ ಕಟ್ 5ರಿಂದ 10ಕ್ಕೆ ಹೋಗುತ್ತೆ. ಕುದುರೆ ಓಡಲ್ಲ ಅಂತ ಗೊತ್ತಿರೋ ಬುಕ್ಕಿ ಬೇಕಂತಲೇ ರೇಟು ಇಳಿಸಿ ಕೂತ್ರೆ? ಹಾಗಾಗಿ ಗೇಟ್ ಹತ್ರ ತಕರಾರು ಶುರುವಾದ ತಕ್ಷಣ ಬೋರ್ಡ್ ಕಡೆ ಒಂದು ಕಣ್ಣು ಇಡಿ, ಅನುಮಾನ ಬಂದ್ರೆ ಫೋಟೋ ತೆಗೆದಿಡಿ.

ಹಂತ 5: ಈಚ್ ವೇ ಆಡೋರು ಕುದುರೆಗಳ ಸಂಖ್ಯೆ ಎಣಿಸಿ

ಈಚ್ ವೇ ಅಂದ್ರೆ ಎರಡು ಬೆಟ್, ಅರ್ಧ ದುಡ್ಡು ಗೆಲ್ಲೋದಕ್ಕೆ, ಅರ್ಧ ಪ್ಲೇಸ್ ಆಗೋದಕ್ಕೆ. 10 ಪೌಂಡ್ ಈಚ್ ವೇ ಅಂದ್ರೆ ಕೈಯಿಂದ 20 ಹೋಗುತ್ತೆ, ಇದೇ ಗೊತ್ತಿಲ್ಲದೇ ಕೌಂಟರ್‌ನಲ್ಲಿ ಜಗಳ ಆಡೋರೂ ಇದ್ದಾರೆ. ಎಷ್ಟು ಸ್ಥಾನಕ್ಕೆ ದುಡ್ಡು ಅನ್ನೋದು ಎಷ್ಟು ಕುದುರೆ ಓಡ್ತವೆ ಅನ್ನೋದರ ಮೇಲೆ. 8 ಅಥವಾ ಜಾಸ್ತಿ ಇದ್ರೆ ಮೊದಲ ಮೂರಕ್ಕೆ, ರೇಟಿನ ಐದನೇ ಒಂದು ಪಾಲು. 5ರಿಂದ 7 ಇದ್ರೆ ಮೊದಲ ಎರಡಕ್ಕೆ ಮಾತ್ರ, ನಾಲ್ಕನೇ ಒಂದು ಪಾಲು. 4 ಅಥವಾ ಕಮ್ಮಿ ಇದ್ರೆ ಗೆದ್ದರಷ್ಟೇ. ಹ್ಯಾಂಡಿಕ್ಯಾಪ್ ಅಂದ್ರೆ ಬಲವಾದ ಕುದುರೆಗೆ ಜಾಸ್ತಿ ತೂಕ ಹೊರಿಸಿ ಎಲ್ಲರನ್ನೂ ಸಮ ಮಾಡೋ ರೇಸ್, ಅದ್ರಲ್ಲಿ 16 ಅಥವಾ ಜಾಸ್ತಿ ಇದ್ರೆ ನಾಲ್ಕು ಸ್ಥಾನ.

ಹಾಗಾಗಿ ಸರಿಯಾಗಿ 8 ಕುದುರೆ ಇರೋ ರೇಸು ಈಚ್ ವೇ ಆಡೋರಿಗೆ ಕತ್ತಿ ಅಂಚಿನ ನಡಿಗೆ. ನಿಮ್ಮ 8/1 ಕುದುರೆ ಮೂರನೇದಾಗಿ ಬಂತು ಅಂತ ಇಟ್ಕೊಳ್ಳಿ. ಎಂಟು ಓಡಿದ್ರೆ ಪ್ಲೇಸ್ ಪಾಲಿಗೆ 16 ಲಾಭ, ಕಟ್ಟಿದ 10 ಸೇರಿ 26 ವಾಪಸ್. ಒಂದು ಕುದುರೆ ಹೋಗಿ ಏಳು ಓಡಿದ್ರೆ ಸೊನ್ನೆ, 20 ಪೌಂಡೂ ಹೋಯ್ತು. ಎರಡನೇದಾಗಿ ಬಂದಿದ್ರೆ? ಏಳರಲ್ಲಿ ಪ್ಲೇಸ್ ಲಾಭ 20, ಆದ್ರೆ ಹೋದ ಕುದುರೆ 5/1 ಇದ್ದಿದ್ರೆ ರೂಲ್ 4 ಇಲ್ಲೂ ಬರುತ್ತೆ, 20ರಲ್ಲಿ 3 ಕಟ್ ಆಗಿ 17, ಜೊತೆಗೆ 10, ಒಟ್ಟು 27. ಪ್ಲೇಸ್ ಪಾಲಿಗೆ ರೂಲ್ 4 ಇಲ್ಲ ಅಂತ ತುಂಬಾ ಜನ ಅಂದ್ಕೊಂಡಿದಾರೆ, ಇದೆ.

ನನ್ನ ಸಲಹೆ: ನೆಲ ಬದಲಾಗೋ ಲಕ್ಷಣ ಇದ್ದ ದಿನ ಎಂಟು ಕುದುರೆ ರೇಸಲ್ಲಿ ಬೆಳಗ್ಗೆ ಬೆಳಗ್ಗೆ ಈಚ್ ವೇ ಕಟ್ಟಬೇಡಿ. ಒಂಬತ್ತೋ ಹತ್ತೋ ಇರೋದು ನೋಡಿ, ಇಲ್ಲ ಕುದುರೆಗಳು ಪ್ಯಾಡಕ್‌ಗೆ ಬಂದ ಮೇಲೆ ಕಟ್ಟಿ. ಪ್ಯಾಡಕ್ ಅಂದ್ರೆ ರೇಸಿಗೆ ಮೊದಲು ಕುದುರೆಗಳನ್ನ ಸುತ್ತು ಹಾಕಿಸಿ ತೋರಿಸೋ ಜಾಗ.

ಹಂತ 6: ಗೇಟ್ ಹತ್ರ ಏನಾಗುತ್ತೆ ಅಂತ ಗಮನ ಇಟ್ಟು ನೋಡಿ

ಸ್ಟಾರ್ಟ್ ಹತ್ರ ವೆಟ್ ಒಬ್ಬರು ಇದ್ದೇ ಇರ್ತಾರೆ. ಜಾಕಿಗೆ ಅನುಮಾನ ಬಂದ್ರೆ ಅವರನ್ನ ಕರೀತಾನೆ. ಜಾಕಿ ಕೆಳಗೆ ಇಳೀತಾನೆ, ಒಬ್ಬ ಹಗ್ಗ ಹಿಡ್ಕೊಂಡು ಕುದುರೆನ ನೇರಕ್ಕೆ ಸಣ್ಣ ಓಟ ಓಡಿಸ್ತಾನೆ, ವೆಟ್ ನಿಂತು ಅದರ ತಲೆ ನೋಡ್ತಾರೆ. ಮುಂಗಾಲು ನೋಯ್ತಿದ್ರೆ ಆ ಕಾಲು ನೆಲಕ್ಕೆ ತಾಗಿದಾಗೆಲ್ಲ ಕುದುರೆ ತಲೆ ಮೇಲಕ್ಕೆ ಎತ್ತುತ್ತೆ, ಚೆನ್ನಾಗಿರೋ ಕಾಲು ಇಟ್ಟಾಗ ತಗ್ಗಿಸುತ್ತೆ. ಅರ್ಧ ನಿಮಿಷದ ಕೆಲಸ, ಆದ್ರೆ ಆ ತಲೆ ಅಲ್ಲಾಟ ಕಂಡ ಮೇಲೂ ಓಡಿಸಿದ್ರೆ ಮುಂದಿನ ಎರಡು ನಿಮಿಷದಲ್ಲಿ ಕಾಲು ಮುರಿಯಬಹುದು, ಕಾಲು ಮುರಿದ ರೇಸ್ ಕುದುರೆನ ಬಹುತೇಕ ಉಳಿಸೋಕೆ ಆಗಲ್ಲ. ಇಂಥಾ ಹೊತ್ತಲ್ಲಿ ಸ್ಟ್ಯಾಂಡಿಂದ "ಅಯ್ಯೋ ನನ್ನ ದುಡ್ಡು" ಅಂತ ಕೂಗೋರನ್ನ ಕಂಡ್ರೆ ನನಗೆ ನಿಜಕ್ಕೂ ಬೇಜಾರಾಗುತ್ತೆ, ದುಡ್ಡು ಹೇಗೂ ವಾಪಸ್ ಬರುತ್ತಲ್ಲ.

ರೂಲ್ ಪ್ರಕಾರ ಗೆರೆ ಇರೋದು "ಅಂಡರ್ ಸ್ಟಾರ್ಟರ್ಸ್ ಆರ್ಡರ್ಸ್" ಅನ್ನೋ ಕ್ಷಣದಲ್ಲಿ, ಅಂದ್ರೆ ಸ್ಟಾರ್ಟರ್ ಕೈಗೆ ರೇಸ್ ಬಂದ ಗಳಿಗೆ. ಅದಕ್ಕೂ ಮೊದಲು ತೆಗೆದ್ರೆ ನಾನ್ ರನ್ನರ್, ದುಡ್ಡು ವಾಪಸ್. ಅದಾದ ಮೇಲೆ ಕುದುರೆ ಹಠ ಹಿಡಿದು ನಿಂತ್ರೆ ಅದು ಓಡಿದ ಲೆಕ್ಕ, ದುಡ್ಡು ಹೋಯ್ತು. 2023ರ ನವೆಂಬರ್‌ನಲ್ಲಿ ಆಸ್ಕಟ್‌ನಲ್ಲಿ ಶಿಶ್ಕಿನ್ ಅನ್ನೋ ಹೆಸರುವಾಸಿ ಕುದುರೆ ಸ್ಟಾರ್ಟ್‌ನಲ್ಲೇ ಒಲ್ಲೆ ಅಂತ ನಿಂತುಬಿಡ್ತು, ಅದರ ಮೇಲೆ ಕಟ್ಟಿದವರಿಗೆ ಒಂದು ಪೆನ್ನಿಯೂ ಬರಲಿಲ್ಲ. ಗೇಟ್ ತೆರೆಯದೇ ಇದ್ದು ಕುದುರೆಗೆ ಸರಿಯಾದ ಸ್ಟಾರ್ಟೇ ಸಿಗಲಿಲ್ಲ ಅಂದ್ರೆ ಮಾತ್ರ ಸ್ಟುವರ್ಡ್ಸ್, ಅಂದ್ರೆ ಆ ದಿನದ ರೇಸಿನ ತೀರ್ಪುಗಾರರು, ಅದನ್ನ ನಾನ್ ರನ್ನರ್ ಅಂತ ಘೋಷಿಸಬಹುದು. ಹಾಗಾಗಿ ಚೀಟಿ ಹರಿದು ಬಿಸಾಡಬೇಡಿ, ಅನೌನ್ಸ್‌ಮೆಂಟ್ ಮುಗಿಯೋವರೆಗೂ ಜೇಬಲ್ಲಿರಲಿ.

ಹಂತ 7: ನ್ಯಾಯವಾದದ್ದು ಯಾವುದು, ಅನ್ಯಾಯ ಯಾವುದು ಅಂತ ತೂಗಿ ನೋಡಿ

ಕೇಳಬೇಕಾದ್ದು ಎರಡೇ: ತೀರ್ಮಾನ ಯಾರದ್ದು, ಮತ್ತೆ ಆ ಸುದ್ದಿ ಎಲ್ಲರಿಗಿಂತ ಮೊದಲು ಗೊತ್ತಿದ್ದವರು ಏನು ಮಾಡಿದ್ರು.

2022ರ ನವೆಂಬರ್‌ನಲ್ಲಿ ಆಸ್ಕಟ್‌ನಲ್ಲಿ ಕಾನ್‌ಸ್ಟಿಟ್ಯೂಷನ್ ಹಿಲ್ ಅನ್ನೋ ಕುದುರೆ ಓಡುತ್ತೆ ಅಂತ ಜನ ಕಾದಿದ್ರು, ನೆಲ ಸಾಕಷ್ಟು ಮೆತ್ತಗಿಲ್ಲ ಅಂತ ಟ್ರೇನರ್ ನಿಕಿ ಹೆಂಡರ್ಸನ್ ಓಡಿಸಲಿಲ್ಲ. ಟಿಕೆಟ್ ತಗೊಂಡು ದೂರದಿಂದ ಬಂದವರಿಗೆ ಕೋಪ ಬಂದಿದ್ದು ಸಹಜ. ಆದ್ರೆ ಒಂದೇ ವಾರಕ್ಕೆ ಅದೇ ಕುದುರೆ ನ್ಯೂಕಾಸಲ್‌ನಲ್ಲಿ 12 ಲೆಂತ್ (ಒಂದು ಲೆಂತ್ ಅಂದ್ರೆ ಒಂದು ಕುದುರೆ ಉದ್ದ) ಅಂತರದಲ್ಲಿ ಗೆದ್ದಿತು, ಮುಂದಿನ ಮಾರ್ಚ್‌ನಲ್ಲಿ ಚೆಲ್ಟನಮ್‌ನಲ್ಲಿ ಚಾಂಪಿಯನ್ ಹರ್ಡಲ್ ಅನ್ನೋ ದೊಡ್ಡ ರೇಸನ್ನೂ. ಕಾರಣ ಬಹಿರಂಗವಾಗಿ ಹೇಳಿದ್ರು, ನೆಲ ಯಾರು ಬೇಕಾದ್ರೂ ಹೋಗಿ ನೋಡಬಹುದಿತ್ತು. ಇದು ನ್ಯಾಯವಾದ ವಿತ್‌ಡ್ರಾ.

ಟ್ರೇನರ್, ಓನರ್ ಬೇಡ ಬೇಡ ಅಂದ್ರೂ ವೆಟ್ ತೆಗೆಯೋದು ಇನ್ನೊಂದು. 2023ರ ಮೇ 6ರಂದು ಅಮೆರಿಕದ ಕೆಂಟಕಿ ಡರ್ಬಿ ದಿನ ಬೆಳಗ್ಗೆ ಫೇವರಿಟ್ ಫೋರ್ಟೆಯನ್ನ ಅಲ್ಲಿನ ಸರ್ಕಾರಿ ವೆಟ್ ಮುಂಗಾಲ ಪಾದದ ಪೆಟ್ಟು ನೋಡಿ ತೆಗೆದ್ರು. ಆ ಹೊತ್ತಿಗೆ ಅದೇ ಚರ್ಚಿಲ್ ಡೌನ್ಸ್ ಟ್ರ್ಯಾಕ್‌ನಲ್ಲಿ ಒಂದರ ಹಿಂದೆ ಒಂದು ಕುದುರೆ ಸತ್ತಿದ್ವು. ಓಡಿಸಿದ್ರೆ ಏನೂ ಆಗ್ತಿರಲಿಲ್ಲವೇನೋ, ಆದ್ರೂ ಅನುಮಾನದ ಲಾಭ ಕುದುರೆಗೇ ಹೋಗಬೇಕು ಅನ್ನೋದು ನನ್ನ ಗಟ್ಟಿ ನಿಲುವು.

ಅಧಿಕಾರಿಗಳೇ ಎಡವಿದ್ರೆ ಎಷ್ಟು ಗೋಳು ಅನ್ನೋದಕ್ಕೆ 2021ರ ನವೆಂಬರ್ 5ರ ಬ್ರೀಡರ್ಸ್ ಕಪ್ ರೇಸ್ ನೋಡಿ, ಕ್ಯಾಲಿಫೋರ್ನಿಯಾದ ಡೆಲ್ ಮಾರ್‌ನಲ್ಲಿ. ಗೇಟೊಳಗೆ ಒಂದು ಕುದುರೆ ಬಿದ್ದು ಗಲಾಟೆ ಆಯ್ತು, ಅದೇ ಲಾಯದ ಮಾಡರ್ನ್ ಗೇಮ್ಸ್ ಅನ್ನೋ ಕುದುರೆ ಚೆನ್ನಾಗೇ ಇದ್ರೂ ತಪ್ಪಾಗಿ ಅದನ್ನೂ ಸ್ಕ್ರ್ಯಾಚ್ ಅಂದ್ರೆ ವಿತ್‌ಡ್ರಾ ಅಂದ್ರು, ಆಮೇಲೆ ತಪ್ಪು ಗೊತ್ತಾಗಿ ಓಡೋಕೆ ಬಿಟ್ರು, ಆದ್ರೆ ಬಹುಮಾನಕ್ಕೆ ಮಾತ್ರ, ಬೆಟ್ಟಿಂಗ್‌ಗೆ ಇಲ್ಲ. ಕುದುರೆ ಗೆದ್ದಿತು, ಅಲ್ಲಿ ಅದರ ಮೇಲೆ ಕಟ್ಟಿದವರಿಗೆ ಕಟ್ಟಿದ ದುಡ್ಡಷ್ಟೇ ವಾಪಸ್, ಜನ ಸ್ಟ್ಯಾಂಡಿಂದ ಕೂಗಾಡಿದ್ರು. ಇಲ್ಲಿ ಯಾರೂ ಮೋಸ ಮಾಡಿಲ್ಲ, ಆದ್ರೂ ಜನಕ್ಕೆ ಅನ್ಯಾಯ ಆಯ್ತು.

ಈಗ ನಿಜವಾದ ಮೋಸ. 1974ರ ಆಗಸ್ಟ್ 26, ಬ್ಯಾಂಕ್ ಹಾಲಿಡೇ ಸೋಮವಾರ, ಉತ್ತರ ಇಂಗ್ಲೆಂಡಿನ ಕಾರ್ಟ್‌ಮೆಲ್ ಅನ್ನೋ ಪುಟ್ಟ ಊರಿನ ರೇಸ್‌ಕೋರ್ಸ್. ಐರ್ಲೆಂಡಿನ ಕಾರ್ಕ್ ಕಡೆಯ ಟೋನಿ ಮರ್ಫಿ ಅನ್ನೋ ಬಿಲ್ಡರ್‌ನ ಗುಂಪು ಗೇ ಫ್ಯೂಚರ್ ಅನ್ನೋ ಕುದುರೆ ತಂದಿತ್ತು. ನೇರವಾಗಿ ಅದರ ಮೇಲೆ ದೊಡ್ಡ ದುಡ್ಡು ಕಟ್ಟಿದ್ರೆ ಬುಕ್ಕಿಗಳು ರೇಟು ಇಳಿಸಿಬಿಡ್ತಾರೆ. ಅದಕ್ಕೆ ಇವರು ಲಂಡನ್‌ನ ಬೆಟ್ಟಿಂಗ್ ಅಂಗಡಿ ಅಂಗಡಿಗೆ ಹೋಗಿ ಡಬಲ್, ಟ್ರೆಬಲ್ ಕಟ್ಟಿದ್ರು, ಗೇ ಫ್ಯೂಚರ್ ಜೊತೆ ಅದೇ ಟ್ರೇನರ್‌ನ ಇನ್ನೆರಡು ಕುದುರೆ ಸೇರಿಸಿ. ಆ ಎರಡು ಬೇರೆ ಕೋರ್ಸ್‌ಗಳಲ್ಲಿ ಓಡಬೇಕಿತ್ತು. ಎರಡೂ ಕೊನೆ ಗಳಿಗೆಯಲ್ಲಿ ನಾನ್ ರನ್ನರ್. ಹಂತ 3 ನೆನಪಿದೆಯಲ್ಲ, ಬುಕ್ಕಿಗಳು ಕಣ್ಣು ಬಿಡೋಷ್ಟರಲ್ಲಿ ಎಲ್ಲಾ ದುಡ್ಡೂ ಗೇ ಫ್ಯೂಚರ್ ಮೇಲೆ ಸಿಂಗಲ್ ಆಗಿ ನಿಂತಿತ್ತು. ಕುದುರೆ ಬೆವರಿ ಸುಸ್ತಾಗಿದೆ ಅಂತ ಕಾಣ್ಲಿ ಅಂತ ಕಾಲಿಗೆ ಸೋಪಿನ ಪುಡಿ ಉಜ್ಜಿದ್ರು. 10/1ರಲ್ಲಿ ಅದು 15 ಲೆಂತ್‌ಗಳಿಂದ ಗೆದ್ದಿತು. ಆಮೇಲೆ ಯಾರೋ ಟ್ರೇನರ್ ಲಾಯಕ್ಕೆ ಫೋನ್ ಮಾಡಿದ್ರೆ, ದಾರಿಯಲ್ಲಿ ಸಿಕ್ಕಿಹಾಕಿಕೊಂಡಿವೆ ಅಂತ ಹೇಳಿದ್ದ ಆ ಎರಡು ಕುದುರೆ ಮನೆ ಬಿಟ್ಟು ಹೊರಟೇ ಇರಲಿಲ್ಲ. 1976ರಲ್ಲಿ ಪ್ರೆಸ್ಟನ್ ಕೋರ್ಟ್ ಮರ್ಫಿಗೂ ಟ್ರೇನರ್ ಟೋನಿ ಕಾಲಿನ್ಸ್‌ಗೂ ವಂಚನೆ ಸಂಚಿನ ಅಪರಾಧ ಅಂತ ದಂಡ ಹಾಕಿತು, ರೇಸ್‌ಕೋರ್ಸ್‌ಗಳಿಂದ 10 ವರ್ಷ ದೂರ ಇಟ್ರು.

ಇದನ್ನ ಬುಕ್ಕಿಗಳಿಗೆ ಚೆನ್ನಾಗಿ ಪಾಠ ಕಲಿಸಿದ ಸಾಹಸ ಅಂತ ಇವತ್ತೂ ಹೊಗಳೋರಿದ್ದಾರೆ. ನಾನು ಒಪ್ಪಲ್ಲ. ಆ ಎರಡು ಕುದುರೆ ಮೇಲೆ ನಂಬಿಕೆ ಇಟ್ಟು ರೇಸ್ ಕಾರ್ಡ್ ನೋಡಿದ ಸಾಮಾನ್ಯ ಜನ ಇದ್ರಲ್ಲ, ಕಾರ್ಡಲ್ಲಿ ಇದ್ದ ಹೆಸರು ಮೊದಲಿಂದಲೇ ಸುಳ್ಳು.

ಈಗಿನ ಕಾಲದಲ್ಲಿ ಅಪಾಯ ಬೇರೆ ಕಡೆ ಇದೆ. ಎಕ್ಸ್‌ಚೇಂಜ್‌ನಲ್ಲಿ "ಈ ಕುದುರೆ ಗೆಲ್ಲಲ್ಲ" ಅಂತಲೂ ಬೆಟ್ ಕಟ್ಟಬಹುದು, ಅದಕ್ಕೆ ಲೇ ಮಾಡೋದು ಅಂತಾರೆ. ಆ್ಯಂಟಿ ಪೋಸ್ಟ್‌ನಲ್ಲಿ ಓಡದ ಕುದುರೆ ಅಂದ್ರೆ ಸೋತ ಕುದುರೆ, ಹಾಗಾಗಿ ಲಾಯದಲ್ಲಿ ಕುದುರೆ ಕುಂಟಿದ್ದು ಮೊದಲು ನೋಡಿದವರಿಗೆ ಅದು ಬಿಟ್ಟಿ ದುಡ್ಡು. ಇದಕ್ಕೇ ಓನರ್‌ಗಳು ತಮ್ಮ ಕುದುರೆ ವಿರುದ್ಧ ಬೆಟ್ ಕಟ್ಟೋ ಹಾಗಿಲ್ಲ, ಟ್ರೇನರ್, ಲಾಯದ ಕೆಲಸದವರಿಗೂ ಅದೇ ನಿಷೇಧ, ಬೇರೆಯವರಿಗೆ ಒಳಸುದ್ದಿ ಮಾರಿದ್ರೂ ಅಪರಾಧ. ನಿಮಗೆ ಯಾರಾದ್ರೂ ಲಾಯದ ಹುಡುಗ ಪರಿಚಯ ಇದ್ದು "ಅಣ್ಣ, ನಾಳೆ ಅದು ಓಡಲ್ಲ" ಅಂತ ಮೆಸೇಜ್ ಹಾಕಿದ್ರೆ ಅದರ ಮೇಲೆ ಆಡಬೇಡಿ, ಮುಂದೆ ಕಳಿಸಲೂಬೇಡಿ. ಆ ಹುಡುಗನ ಕೆಲಸ ಹೋಗುತ್ತೆ, ನೀವೂ ಸಿಕ್ಕಿಹಾಕಿಕೊಳ್ತೀರ.

ಹಾಗಂತ ಎಲ್ಲಾ ಗೊಂದಲಕ್ಕೂ ಕಳ್ಳತನದ ಹೆಸರು ಕಟ್ಟಬೇಡಿ. 2010ರಲ್ಲಿ ಬಿನಾಕ್ಯುಲರ್ ಅನ್ನೋ ಕುದುರೆ ಚಾಂಪಿಯನ್ ಹರ್ಡಲ್ ಓಡಲ್ಲ ಅಂತ ಘೋಷಣೆ ಆಗಿ, ಆಮೇಲೆ ಚೇತರಿಸಿಕೊಂಡು ಓಡಿ 9/1ರಲ್ಲಿ ಗೆದ್ದೇ ಬಿಡ್ತು. ಪ್ರಾಣಿ ಮೈ, ಇವತ್ತಿದ್ದ ಹಾಗೆ ನಾಳೆ ಇರಲ್ಲ.

ಹಂತ 8: ಬೆಂಗಳೂರು, ಮೈಸೂರಿಗೆ ಇದನ್ನ ಹಾಗೇ ತಗೊಂಡು ಹೋಗಬೇಡಿ

ರಜಕ್ಕೆ ಊರಿಗೆ ಹೋದಾಗ ರೇಸ್‌ಕೋರ್ಸ್ ರೋಡಿಗೋ ಚಾಮುಂಡಿ ಬೆಟ್ಟದ ಬುಡದ ಕೋರ್ಸಿಗೋ ಹೋದವರು ಅಲ್ಲಿ ರೂಲ್ 4 ಟೇಬಲ್ ತೋರಿಸಿದ್ರೆ ಪ್ರಯೋಜನ ಇಲ್ಲ. ಭಾರತದಲ್ಲಿ ಆಯಾ ಟರ್ಫ್ ಕ್ಲಬ್‌ನ ರೂಲ್‌ಗಳೇ ನಡೆಯೋದು. ಟೋಟ್‌ನಲ್ಲಿ ವಿನ್ ಟಿಕೆಟ್ ತಗೊಂಡ ಕುದುರೆ ವಿತ್‌ಡ್ರಾ ಆದ್ರೆ ರೀಫಂಡ್ ಸಿಗುತ್ತೆ, ಜಾಕ್‌ಪಾಟ್ ಥರದ ಪೂಲ್‌ಗಳಿಗೆ ಬೇರೆ ನಿಯಮ, ಬುಕ್ಕಿ ಹತ್ರ ಆಡಿದ್ರೆ ಅಲ್ಲಿನ ಕಟ್ ಲೆಕ್ಕ ಬೇರೆ. ಕಾರ್ಡ್ ಪುಸ್ತಕದಲ್ಲಿರೋ ರೂಲ್ ಓದಿ, ಕೌಂಟರ್‌ನಲ್ಲಿ ಕೇಳಿ, ಆಮೇಲೆ ದುಡ್ಡು ಕೊಡಿ.

ಹಂತ 9: ಲೆಕ್ಕ ತಪ್ಪಿದೆ ಅನ್ನಿಸಿದ್ರೆ

ಮೊದಲು ಬುಕ್ಕಿ ಹತ್ರ ಕೇಳಿ, ಜೋರು ಮಾಡದೇ, ಮೂರು ವಿಷಯ ಹೇಳಿ: ನಿಮ್ಮ ಬೆಟ್ ಟೈಮು, ಕುದುರೆ ವಿತ್‌ಡ್ರಾ ಆದ ಟೈಮು, ಆಗ ಅದಕ್ಕಿದ್ದ ರೇಟು. ಹೆಚ್ಚಿನ ತಪ್ಪು ಅಲ್ಲೇ ಸರಿ ಹೋಗುತ್ತೆ. ಆಗಲಿಲ್ಲ ಅಂದ್ರೆ ಕಸ್ಟಮರ್ ಸರ್ವಿಸ್‌ಗೆ ಬರವಣಿಗೆಯಲ್ಲಿ ದೂರು ಕೊಡಿ, ಚಾಟ್‌ನಲ್ಲಿ ಮಾತಾಡಿದ್ರೆ ಅದರ ಕಾಪಿ ಇಟ್ಕೊಳ್ಳಿ. ಅವರಿಗೆ 8 ವಾರ ಟೈಮು ಇರುತ್ತೆ. ಅಷ್ಟರಲ್ಲಿ ಬಗೆಹರಿಯದಿದ್ರೆ, ಇಲ್ಲ ಅವರೇ ಇದೇ ನಮ್ಮ ಕೊನೆ ಮಾತು ಅಂತ ಬರೆದುಕೊಟ್ರೆ, ಐಬಾಸ್‌ಗೆ ಹೋಗಬಹುದು, ಅದು ಬೆಟ್ಟಿಂಗ್ ಜಗಳಗಳನ್ನ ಮೂರನೆಯವರಾಗಿ ನಿಂತು ತೀರಿಸೋ ಸಂಸ್ಥೆ, ನಿಮಗೆ ಖರ್ಚಿಲ್ಲ. ಬುಕ್ಕಿ ಬೇರೆ ಸಂಸ್ಥೆಗೆ ಸೇರಿದ್ರೆ ಅವರ ಸೈಟಿನ ಕೆಳಗಡೆ ಹೆಸರಿರುತ್ತೆ, ಅಲ್ಲಿಗೇ ಹೋಗಬೇಕು.

ಕುದುರೆ ತೆಗೆದಿದ್ದೇ ಸರಿಯಿಲ್ಲ, ಯಾರೋ ಮೊದಲೇ ತಿಳ್ಕೊಂಡು ಆಡಿದಾರೆ ಅನ್ನೋ ಗಟ್ಟಿ ಕಾರಣ ನಿಮ್ಮ ಹತ್ರ ಇದ್ರೆ ಅದು ಬುಕ್ಕಿ ಕೆಲಸ ಅಲ್ಲ, ಬಿಎಚ್ಎಗೆ ಗುಟ್ಟಾಗಿ ತಿಳಿಸೋ ವ್ಯವಸ್ಥೆ ಇದೆ, ಅಲ್ಲಿಗೆ ಕಳಿಸಿ. ಕಳಿಸುವಾಗ ರೇಟು ಯಾವಾಗ ಎಷ್ಟರಿಂದ ಎಷ್ಟಕ್ಕೆ ಹೋಯ್ತು, ವಿತ್‌ಡ್ರಾ ಸುದ್ದಿ ಎಷ್ಟು ಹೊತ್ತಿಗೆ ಹೊರಬಂತು ಅನ್ನೋ ಸ್ಕ್ರೀನ್‌ಶಾಟ್ ಜೊತೆಗೆ ಹಾಕಿ, ಟ್ರೇನರ್ ಹೆಸರನ್ನ ಮಾತ್ರ ವಾಟ್ಸಾಪ್ ಗ್ರೂಪಲ್ಲಿ ಹಾಕಿ ಕಳ್ಳ ಅನ್ನೋಕೆ ಹೋಗಬೇಡಿ.